ಖಾರಕ್ಕೆ ಬಿದ್ದ ಎರಡನೆಯ ಉಪ್ಪು

ಮನೆಗೆಲಸಕ್ಕೆ ಕೈ ಹಚ್ಚುವ ಗಂಡಸು ನಾನು ಎಂದು ಊರೆಲ್ಲ ಹೇಳಿಕೊಂಡಿದ್ದೇನೆ. ಕೈ ಹಚ್ಚಿದ ಮೇಲೆ ಏನಾಯಿತೆಂದು ಮಾತ್ರ ಹೇಳಿಲ್ಲ. ‘ನಾನು ಮಾಡುತ್ತೇನೆ’ ಎಂಬ ಸಂಕಲ್ಪವನ್ನೂ ‘ನಾವು ಮಾಡುತ್ತೇವೆ’ ಎಂಬ ಸಂಕಲ್ಪವನ್ನೂ ಮೆದುಳು ಬೇರೆ ಬೇರೆ ಬಗೆಯಲ್ಲಿ ಹಿಡಿದಿಡುತ್ತದೆಯೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರಂತೆ. ಪಾಪ, ಹಾವೇರಿಯ ನಮ್ಮ ಮನೆಗೆ ಬಂದಿದ್ದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತಿತ್ತು.

ಪ್ರತಿ ಬೇಸಿಗೆಯಲ್ಲಿ ನನ್ನ ಹೆಂಡತಿ ಗಿರಿಜಾ ಮತ್ತು ಪಕ್ಕದ ಮನೆಯ ಮಾಬೂಬಿ ಕೂಡಿ ಎರಡೂ ಮನೆಗೆ ವರ್ಷದ ಮಸಾಲೆ ಖಾರ ಮಾಡುತ್ತಾರೆ. ಮೆಣಸಿನಕಾಯಿ ಒಣಗಿಸುವುದು, ತೊಟ್ಟು ಬಿಡಿಸುವುದು, ಗಿರಣಿಯಿಂದ ಬಂದ ಪುಡಿಗೆ ಉಪ್ಪು ಕಲಸುವುದು, ಯಾವುದಕ್ಕೂ ಮಾತೇ ಬೇಕಿಲ್ಲ. ಒಬ್ಬಳು ಕೈ ಚಾಚಿದರೆ ಇನ್ನೊಬ್ಬಳು ಮೊರ ಕೊಡುತ್ತಾಳೆ. ಬಾಯಿ ಓಣಿಯ ಸುದ್ದಿಗೆ ಮೀಸಲು.

ಈ ಸಲ ಅವರು ಚಹಾಕ್ಕೆಂದು ಒಳಗೆ ಹೋದಾಗ ಪಡಸಾಲೆಯಲ್ಲಿ ಬುಟ್ಟಿ ತುಂಬ ಖಾರ ಕೆಂಪಗೆ ಕುಳಿತಿತ್ತು. ಉಪ್ಪು ಎಲ್ಲೂ ಕಾಣಲಿಲ್ಲ. ಕಲಸಿದ ಉಪ್ಪು ಕಾಣುವುದಿಲ್ಲ ಎಂಬ ಜ್ಞಾನ ನನಗೆ ಆಮೇಲೆ ಬಂತು. ಇದು ‘ನಮ್ಮ’ ಕೆಲಸವೆಂಬ ಅಭಿಮಾನದಿಂದ ನಾನೊಬ್ಬನೇ ನಾಲ್ಕು ಬೊಗಸೆ ಸುರಿದು, ಅಂಗಿಯ ತೋಳೆಲ್ಲ ಕೆಂಪಾಗುವಂತೆ ಕಲಸಿ, ಸೀನಿ, ಹೆಮ್ಮೆಪಟ್ಟೆ.

ಅದರಲ್ಲಿ ಒಂದು ಡಬ್ಬಿ ಮರುದಿನ ರಾಣೆಬೆನ್ನೂರಿಗೆ, ಮಾಬೂಬಿ ಮಗಳನ್ನು ಕೊಟ್ಟ ಹೊಸ ಬೀಗರ ಮನೆಗೆ ಹೋಗಬೇಕಿತ್ತು. ತವರಿನ ಕೈರುಚಿ ಅವರು ನೋಡುವುದು ಅದೇ ಮೊದಲು. ನಮ್ಮವ್ವ ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದಳು.

“ಯಾರಬೇ ಇಷ್ಟು ಉಪ್ಪು ಸುರದಾವ್ರು?”

ಗಿರಿಜಾ ನನ್ನ ತೋಳು ನೋಡಿದಳು. ಮಾಬೂಬಿಯೂ ನೋಡಿದಳು.

“ನಾನ ಹಾಕೇನ್ರಿ ಅತ್ತಿ, ಮರ್ತು ಎರಡು ಸಲ,” ಎಂದಳು ಗಿರಿಜಾ.

“ಅಕಿ ಅಲ್ಲಬೇ, ನಾ ಹಾಕೇನಿ,” ಎಂದಳು ಮಾಬೂಬಿ, ಅದೇ ಉಸಿರಿನಲ್ಲಿ.

ಮಗಳ ಮಾನದ ಪ್ರಶ್ನೆ ಇದ್ದರೂ ಆಕೆ ನನ್ನ ಮಾನ ಕಾಯ್ದಳು. ನನಗೆ ಕಣ್ಣು ತುಂಬಿ ಬಂತು. ಖಾರದ ಘಾಟು ಎಂದು ಒರೆಸಿಕೊಂಡೆ. ನಿಜ ಹೇಳಬೇಕಿತ್ತು, ಹೇಳಲಿಲ್ಲ.

ಅವ್ವ ಇಬ್ಬರನ್ನೂ ಬಿಟ್ಟು ನನ್ನ ಕೆಂಪು ತೋಳನ್ನೇ ನೋಡಿದಳು. ಚೀಲ ತಂದು ನನ್ನ ಕೈಗಿಟ್ಟಳು. “ಲಗೂ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತಗೊಂಡು ಬಾ. ಉಪ್ಪಿಲ್ಲದ ಪುಡಿ ಕೂಡಿಸಿದ್ರ ಸರಿ ಹೋಗ್ತೈತಿ. ಬಂದ ಮ್ಯಾಲ ಉಪ್ಪಿನ ಡಬ್ಬಿ ಕಡೆ ಹೊಳ್ಳಿ ನೋಡಬ್ಯಾಡ.”

ಯಾರೂ ನನ್ನ ಹೆಸರು ಹೇಳಿರಲಿಲ್ಲ! ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಾಗ ಹೊಳೆಯಿತು: ನನ್ನನ್ನು ಉಪ್ಪಿನಿಂದ ದೂರವಿಡಬೇಕೆಂಬ ಸಂಕಲ್ಪ ಮೂರು ತಲೆಗಳಲ್ಲಿ ಒಟ್ಟಿಗೇ ಮೂಡಿತ್ತು. ಬ್ಯಾಡಗಿ ಬರುವಷ್ಟರಲ್ಲಿ ನಾಲ್ಕನೆಯ ತಲೆಯೂ ಒಪ್ಪಿಕೊಂಡಿತು.