ಎರಡು ಬೆರಳು ಸಡಿಲ

ಬೂದು ಪ್ಯಾಂಟಿನ ಹುಕ್ಕು ಅವತ್ತು ಬೆಳಗ್ಗೆ ತಾನಾಗೇ ಹೋಗಿ ಕೂತುಕೊಂಡಿತು. ದರ್ಜಿ ಉಸಿರು ಬಿಗಿಹಿಡಿಯಲಿಲ್ಲ, ಗೋಡೆಗೆ ಒರಗಲಿಲ್ಲ, ಹಲ್ಲು ಕಚ್ಚಲಿಲ್ಲ. ನಂಬಿಕೆ ಬಾರದೆ ಸೊಂಟದೊಳಕ್ಕೆ ಎರಡು ಬೆರಳು ತೂರಿಸಿ ನೋಡಿದ. ಬೆರಳೇನು, ಅಂಗೈಯೇ ಒಳಗೆ ಹೋಯಿತು.

"ಏ ಇವಳೇ, ಬಾ ಇಲ್ಲಿ! ಆಯ್ತು ಕಣೇ! ನಾನು ಸಣ್ಣ ಆಗ್ಬಿಟ್ಟೆ!"

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. ಪ್ಯಾಂಟಿನ ಕಡೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತೇ ನೋಡಿ, "ಒಳ್ಳೇದಾಯ್ತು ಬಿಡಿ" ಅಂದು ಒಳಗೆ ಹೋದಳು.

ಬೀದಿಯವರು ಅವನನ್ನು ಟೇಪಣ್ಣ ಎನ್ನುತ್ತಿದ್ದರು. ಸ್ನಾನದ ಹೊತ್ತು ಬಿಟ್ಟರೆ ಅವನ ಕೊರಳಿಂದ ಅಳತೆ ಟೇಪು ಇಳಿದದ್ದನ್ನು ಕಂಡವರಿಲ್ಲ. ಮೂವತ್ತು ವರ್ಷ ಮಷೀನು ತುಳಿದ ಎಡಮಂಡಿ ಈಚೆಗೆ ಕಿರುಗುಟ್ಟುತ್ತಿತ್ತು. ಮಷೀನಾದರೆ ಎಣ್ಣೆ ಬಿಡಬಹುದು, ಮಂಡಿಗೆ ಎಲ್ಲಿಂದ ಬಿಡುವುದು? ಎರಡು ತಿಂಗಳ ಹಿಂದೆ ಹೆಂಡತಿ ಅವನನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋಗಿದ್ದಳು.

ಅಲ್ಲಿಯ ನರ್ಸಮ್ಮ ಗದರಲಿಲ್ಲ. ತೂಕ ನೋಡಿ ಕಾರ್ಡಿನಲ್ಲಿ ತೊಂಬತ್ತೆರಡು ಎಂದು ಬರೆದುಕೊಂಡು ಎದುರಿಗೆ ಕೂತಳು. "ಕಾಯಿಲೆ ಯಾವುದೂ ಇನ್ನೂ ಒಳಗೆ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ ಅಷ್ಟೆ. ಅಲ್ಲೇ ತಡೆಯೋಣ. ನಿಮಗೆ ಏನಾಗ್ಬೇಕು ಹೇಳಿ, ಅದನ್ನೇ ಬರ್ಕೋತೀನಿ."

ಹೀಗೆ ಎದುರು ಕೂತು ತಾನು ಗಿರಾಕಿಗಳನ್ನು ಕೇಳಿದ್ದನೇ ಹೊರತು, ಅವನನ್ನು ಯಾರೂ ಕೇಳಿರಲಿಲ್ಲ. ಟೇಪಣ್ಣ ಕರಗಿಹೋದ.

"ಇನ್ನೂ ಹತ್ತು ವರ್ಷ ಮಷೀನು ತುಳೀಬೇಕಮ್ಮ, ಅಷ್ಟೇ. ಈ ಕಿಲೋ ಗಿಲೋ ನಂಗೆ ತಿಳಿಯಲ್ಲ. ನನ್ನ ಬೂದು ಪ್ಯಾಂಟು ಎರಡು ಬೆರಳು ಸಡಿಲ ಆದ್ರೆ ಸಾಕು."

ನರ್ಸಮ್ಮ ಹಾಗೇ ಬರೆದುಕೊಂಡಳು. ದಿನಾ ಬೆಳಗ್ಗೆ ಅರ್ಧ ಗಂಟೆ ನಡಿಗೆ, ಸಕ್ಕರೆ ಕಡಿಮೆ, ಊಟದಲ್ಲಿ ತರಕಾರಿ ಜಾಸ್ತಿ. ಹೊರಡುವಾಗ ಹೆಂಡತಿಯ ಕಿವಿಯಲ್ಲಿ, "ಅವರ ಉತ್ಸಾಹ ಮಾತ್ರ ಕುಗ್ಗದ ಹಾಗೆ ನೋಡ್ಕೊಳ್ಳಿ ಅಮ್ಮಾ" ಅಂದಳು. ಹೆಂಡತಿ ತಲೆಯಾಡಿಸಿದಳು.

ಇವತ್ತು ಮತ್ತೆ ತೋರಿಸುವ ದಿನ. ಟೇಪಣ್ಣ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬೀದಿಗಿಳಿದ. ಬೆಲ್ಟು ಅವನ ಮನೆಯಲ್ಲೇ ಇರಲಿಲ್ಲ. ಬೆಲ್ಟು ಹಾಕುವ ದರ್ಜಿಗೆ ತನ್ನ ಹೊಲಿಗೆಯ ಮೇಲೇ ನಂಬಿಕೆಯಿಲ್ಲ ಎಂಬುದು ಅವನ ಮಾತು. ತನ್ನ ಸೊಂಟಕ್ಕೆ ತಾನೇ ಟೇಪು ಹಿಡಿಯುವವನೂ ಅಲ್ಲ. ಹಿಡಿದರೆ ಉಸಿರು ತಾನಾಗೇ ಒಳಗೆ ಹೋಗಿ ಅಳತೆ ಸುಳ್ಳಾಗುತ್ತದೆ.

ಅವನ ನಡಿಗೆ ಎಂದಿನಂತೆ ಬೇಕರಿಯ ಬೆಂಚಿನ ತನಕ ಸಾಗಿತು.

"ಏನ್ ಟೇಪಣ್ಣ, ಅರ್ಧ ಆಗ್ಬಿಟ್ಟಿದ್ದೀಯಲ್ಲೋ!" ಎಂದು ಬೇಕರಿಯವನು ಬಿಸಿ ಬನ್ನೊಂದನ್ನು ಕೈಗಿಟ್ಟ. "ತಗೋ, ನಡೆದು ಸುಸ್ತಾಗಿರುತ್ತೆ. ಬೆಣ್ಣೆ ಸವರಿದ್ದೀನಿ, ಸ್ವಲ್ಪಾನೇ."

ಎರಡು ತಿಂಗಳಿಂದ ಟೇಪಣ್ಣ ನಡಿಗೆಗೆ ಬಂದಾಗಲೆಲ್ಲ ಅವನು ಹೀಗೇ ಹೇಳುತ್ತಿದ್ದ. ಟೇಪಣ್ಣ ಪ್ರತಿ ಸಲವೂ ಬೇಡವೆನ್ನುತ್ತಲೇ ತಿನ್ನುತ್ತಿದ್ದ. ಇವತ್ತು ಸಂತೋಷಕ್ಕೆ ಬೇಡ ಅನ್ನುವುದೂ ಮರೆತುಹೋಯಿತು.

ಅಷ್ಟರಲ್ಲಿ ನಿವೃತ್ತ ಹೆಡ್‌ಮೇಷ್ಟ್ರು ಬಂದರು. "ಭೇಷ್ ಕಣಯ್ಯಾ! ಆದ್ರೆ ನನ್ನ ನೋಡು. ನಿವೃತ್ತಿ ದಿನ ಹಾಕಿದ್ದ ಪ್ಯಾಂಟು, ಹದಿನೈದು ವರ್ಷ ಆಯ್ತು, ಇವತ್ತೂ ಅಳತೆ ತಗೊಂಡ ಹಾಗಿದೆ. ಮೈ ಅಂದ್ರೆ ಹೀಗಿರ್ಬೇಕು!"

ಟೇಪಣ್ಣ ಯಾಕೋ ಬೇಕರಿಯ ಗಡಿಯಾರವನ್ನು ಬಹಳ ಗಮನವಿಟ್ಟು ನೋಡತೊಡಗಿದ.

ಮೇಷ್ಟ್ರು ಅಭಿನಂದಿಸಲು ಕೈ ಚಾಚಿದರು. ಒಂದು ಕೈಯಲ್ಲಿ ಬನ್ನು, ಇನ್ನೊಂದರಲ್ಲಿ ಪ್ಯಾಂಟು. ಮೇಷ್ಟ್ರಿಗೆ ಕೈ ಕೊಡದಿದ್ದರೆ ಮರ್ಯಾದೆಯಲ್ಲ, ಬನ್ನು ಬಿಡಲು ಮನಸ್ಸಿಲ್ಲ. ಟೇಪಣ್ಣ ಪ್ಯಾಂಟು ಬಿಟ್ಟ. ಅದು ಗಂಟೆ ಹೊಡೆದ ಮೇಲೆ ಶಾಲೆಯ ಮಕ್ಕಳು ಮೆಟ್ಟಿಲಿಳಿಯುವ ಹಾಗೆ ಒಂದೇ ಉಸಿರಿಗೆ ಕೆಳಗಿಳಿಯಿತು.

"ನೋಡ್ರಯ್ಯಾ! ಇದಕ್ಕಿಂತ ಸಾಕ್ಷಿ ಬೇಕಾ?" ಎಂದರು ಮೇಷ್ಟ್ರು. ಬೇಕರಿಯವನು ಅಂಗಡಿಯನ್ನು ತನ್ನ ಹೆಂಡತಿಗೆ ವಹಿಸಿದ. ಮೂವರೂ ಮೆರವಣಿಗೆಯಂತೆ ಆರೋಗ್ಯ ಕೇಂದ್ರಕ್ಕೆ ಹೊರಟರು.

ನರ್ಸಮ್ಮನಿಗೂ ಸಂತೋಷವೇ. "ಗುರಿ ಮುಟ್ಟಿದ್ದೀರ! ಕಾರ್ಡಿಗೆ ತೂಕವೊಂದು ಬೇಕು, ಸುಮ್ನೆ ಹತ್ತಿ ಇಳೀರಿ."

ಹತ್ತಿದ. ತೊಂಬತ್ತನಾಲ್ಕೂವರೆ.

"ತಕ್ಕಡಿ ಕೆಟ್ಟಿದೆ" ಎಂದರು ಮೂವರೂ ಒಟ್ಟಿಗೆ.

"ತಡೀರಿ, ನನ್ನ ತೂಕ ಅರವತ್ತೆಂಟು. ಹದಿನೈದು ವರ್ಷದಿಂದ ಬದಲಾಗಿಲ್ಲ" ಎಂದು ಮೇಷ್ಟ್ರು ಹತ್ತಿದರು. ಎಂಬತ್ತೊಂದು ತೋರಿಸಿತು. "ನಾನು ಹೇಳಲಿಲ್ವಾ, ಪೂರ್ತಿ ಕೆಟ್ಟುಹೋಗಿದೆ!"

ನರ್ಸಮ್ಮ ಒಳಗಿನಿಂದ ಸೀಲು ಒಡೆಯದ ಐದು ಕಿಲೋ ಸೋಪಿನಪುಡಿ ತಂದು ಇಟ್ಟಳು. ಮುಳ್ಳು ಐದರ ಮೇಲೆ ಹೋಗಿ ನಿಂತಿತು, ಕೂದಲೆಳೆಯಷ್ಟೂ ಅಲುಗಲಿಲ್ಲ.

"ಟೇಪಣ್ಣಾ, ಆ ಸೊಂಟಪಟ್ಟಿ ಒಂಚೂರು ತಿರುಗಿಸಿ."

ತಿರುಗಿಸಿದ. ಒಳಗೆ ಬಿಟ್ಟಿದ್ದ ಬಟ್ಟೆಯೆಲ್ಲ ಹೊರಗೆ ಬಂದಿತ್ತು. ಹಳೆಯ ಹೊಲಿಗೆಯ ಸೂಜಿತೂತುಗಳು ವಾರಕ್ಕೊಂದರಂತೆ ಸಾಲಾಗಿದ್ದವು. ಕೊನೆಯ ಸಾಲು ಮಾತ್ರ ಅವಸರದಲ್ಲಿ ಒಂದೂವರೆ ಇಂಚು ದೂರ ಹಾರಿತ್ತು. ಆ ಹೊಲಿಗೆ ಯಾರದೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದನ್ನು ಅವನು ಈ ಲೋಕದಲ್ಲಿ ಒಬ್ಬರಿಗೇ ಕಲಿಸಿದ್ದ.

ಪಕ್ಕದಲ್ಲಿ ಮೇಷ್ಟ್ರು ಮೆಲ್ಲಗೆ ತಮ್ಮ ಸೊಂಟಪಟ್ಟಿ ತಿರುಗಿಸುತ್ತಿದ್ದರು. "ಟೇಪಣ್ಣ... ನನ್ನದರಲ್ಲೂ ಸಾಲುಗಳಿವೆಯಲ್ಲಯ್ಯಾ!"

"ಗುಂಡಿ ಹಾಕೋಕೆ ಕೊಟ್ಟಾಗ... ನೀವು ಬೇಜಾರು ಮಾಡ್ಕೋಬಾರ್ದು ಅಂತ, ಅರ್ಧ ಇಂಚು ಬಿಡ್ತಿದ್ದೆ ಮೇಷ್ಟ್ರೇ."

"ಎಷ್ಟು ಸಲ?"

"ಗುಂಡಿ ಕಿತ್ತು ಬಂದಾಗಲೆಲ್ಲ."

ಬೇಕರಿಯವನು ತನ್ನ ಪ್ಯಾಂಟನ್ನು ತಿರುಗಿಸಿ ನೋಡುವ ಧೈರ್ಯ ಮಾಡಲಿಲ್ಲ.

ನರ್ಸಮ್ಮ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡಳು. "ಅದಕ್ಕೇ ನಿಮ್ಮ ಬೀದೀಲಿ ಯಾರನ್ನ ಕೇಳಿದ್ರೂ, ಹಳೇ ಬಟ್ಟೆ ಸರಿಹೋಗ್ತಿದೆ, ನಾನ್ಯಾಕೆ ಬರ್ಲಿ ಅಂತಾರೆ! ಈಗ ಎಲ್ಲರದ್ದೂ ಮೊದಲಿನ ಅಳತೆಗೆ ತನ್ನಿ. ಆಮೇಲೆ ಎಲ್ಲರೂ ಬನ್ನಿ, ಮೊದಲಿಂದ ಶುರು ಮಾಡೋಣ."

ಟೇಪಣ್ಣ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಜಗುಲಿಯ ಮೇಲೆ ಬೀದಿಯ ಪ್ಯಾಂಟುಗಳೆಲ್ಲ ಗುಡ್ಡೆ ಬಿದ್ದಿದ್ದವು.

"ಹೀಗಾ ಮಾಡೋದು ನೀನು?"

"ಮತ್ತೇನು ಮಾಡ್ಲಿ?" ಎಂದಳು ಹೆಂಡತಿ. "ಬೆಳಗ್ಗೆ ಹುಕ್ಕು ಕೂರದ ದಿನ ಮುಖ ಸಣ್ಣ ಮಾಡ್ಕೊಂಡು ನಡಿಗೇನೇ ಬೇಡ ಅಂತ ಮಲಗ್ತಿದ್ರಿ. ಬಿಚ್ಚಿ ಬಿಟ್ಟ ದಿನ ಹುಡುಗನ ಹಾಗೆ ಎದ್ದು ಹೋಗ್ತಿದ್ರಿ. ಹೋದ್ರಲ್ಲಾ ಅಂತ ನಾನು ಖುಷಿಪಟ್ಟೆ. ಬೇಕರಿಗೆ ಹೋಗ್ತೀರ ಅಂತ ಕನಸು ಬಿತ್ತಾ ನಂಗೆ?"

ಅವನು ಮಷೀನಿಗೆ ಕೂತ. ನಾಲ್ಕು ಸಲ ತುಳಿಯುವಷ್ಟರಲ್ಲಿ ಮಂಡಿ ಕಿರುಗುಟ್ಟಿತು. ಅವಳು ಅವನ ಭುಜ ಹಿಡಿದು ಎಬ್ಬಿಸಿ, ತಾನು ಕೂತು, ಮೊದಲು ಬೂದು ಪ್ಯಾಂಟನ್ನೇ ಹಳೆಯ ಸಾಲಿಗೆ ಹೊಲಿದು ಕೊಟ್ಟಳು.

"ಹಾಕ್ಕೊಳ್ಳಿ. ಸಂಜೆ ನಡಿಗೆ. ಕೆಳಗಿನ ಬೀದೀಲಿ, ಅಲ್ಲಿ ಬೇಕರಿ ಇಲ್ಲ."

ಅವನು ಗೋಡೆಗೆ ಒರಗಿದ. ಉಸಿರು ಬಿಗಿಹಿಡಿದ. ಹಲ್ಲು ಕಚ್ಚಿದ. ಹುಕ್ಕಿಗೂ ಅದರ ಮನೆಗೂ ನಡುವೆ ನಾಲ್ಕು ಬೆರಳು ಬಯಲು.

"ಅರ್ಧ ಇಂಚು ಬಿಡೇ..."

ಅವಳು ಗುಡ್ಡೆಯಿಂದ ಮುಂದಿನ ಪ್ಯಾಂಟು ಎಳೆದುಕೊಂಡಳು.

"ಕಾಲಿಂಚು?"

ಅವಳು ಅವನ ಕೊರಳಿಂದ ಟೇಪು ತೆಗೆದು ಅವನ ಸೊಂಟಕ್ಕೆ ಸುತ್ತಿ, ಬೆಲ್ಟಿನ ಹಾಗೆ ಬಿಗಿದು ಗಂಟು ಹಾಕಿದಳು. "ಹುಕ್ಕು ಕೂರೋವರೆಗೂ ಇದೇ ಇರ್ಲಿ. ನಡೀರಿ."