ಬಾಟಲಿಯಲ್ಲಿ ನೀಲಿ ನೀರು

ಅಂದು ಮುಂಬೈನ ಸಯನ್‌ನಲ್ಲಿ ಲೋಕಲ್ ರೈಲು ಎಂದೂ ಇಲ್ಲದಂತೆ ಹೊತ್ತಿಗೆ ಸರಿಯಾಗಿ ಬಂದದ್ದೇ ಅಣವೀರಪ್ಪನಿಗೆ ಮುಳುವಾಯಿತು. ಕೆರೆ-ನದಿಗಳ ನೀರು ಪರೀಕ್ಷಿಸುವ ಆಫೀಸಿಗೆ ಎಲ್ಲರಿಗಿಂತ ಮೊದಲು ಕಾಲಿಟ್ಟವನು ಅವನೇ. ಮೇಲಧಿಕಾರಿ ರಂಜನಿಯವರ ಕಣ್ಣಿಗೆ ಬಿದ್ದವನೂ ಅವನೇ.

“ಕೆರೆ ಮೇಲೆ ತೇಲೋ ಮನೆ ಮಾಡಿದ್ದಾರಲ್ಲ, ಆ ಬಿಲ್ಡರ್ ಒಂದು ಹನಿ ಕೊಳಚೆನೂ ನೀರಿಗೆ ಬಿಡಲ್ಲ ಅಂತಾರೆ. ನಮ್ಮ ಜೂನಿಯರ್ ತುಷಾರ್ ಜೊತೆ ಹೋಗಿ ನೋಡ್ಕೊಂಡು ಬನ್ನಿ.”

“ಮೇಡಂ, ನಾ ಫೈಲ್ ನೋಡಾಂವ್ರೀ.”

“ಇವತ್ತು ಮನೆ ನೋಡಿ.”

ಮಧ್ಯಾಹ್ನ ಅಣವೀರಪ್ಪ ಆ ಮಾದರಿ ಮನೆಯೊಳಗೆ ಒಬ್ಬನೇ ನಿಂತಿದ್ದ. ನೆಲ ಉಸಿರಾಡುವಂತೆ ಏರಿಳಿಯುತ್ತಿತ್ತು. ಪಾಯಖಾನೆಗೆ ನೀಲಿ ಬಣ್ಣ ಸುರಿದು ಫ್ಲಶ್ ಮಾಡಿದ. ಬಣ್ಣ ಮನೆಯಡಿಯ ಕೊಳಚೆ ಟ್ಯಾಂಕಿನಲ್ಲೇ ಉಳಿಯಬೇಕಿತ್ತು. ಹೊರಗೆ ಬಗ್ಗಿ ನೋಡಿದರೆ, ಮನೆಯ ಸುತ್ತ ಕೆರೆ ನೀಲಿಯಾಗುತ್ತಿತ್ತು. ಅಂಗಾತ ಮಲಗಿದ್ದ ಎರಡು ಸತ್ತ ಮೀನೂ ನೀಲಿಯಾದವು. ಅವನು ಬಾಟಲಿ ತುಂಬಿಕೊಂಡು ಏಳುವಷ್ಟರಲ್ಲಿ ಗಾಳಿ ಬೀಸಿತು. ದಡದ ಗೂಟದಿಂದ ಹಗ್ಗ ಕಳಚಿತು.

“ಅಂಕಲ್, ಮನೆ ಹೋಗ್ತಾ ಇದೆ,” ದಡದಿಂದ ತುಷಾರ್ ಕೂಗಿದ.

“ಎಲ್ಲಿಗೋ?”

“ಬೀಚ್ ಮೆ, ಕೆರೆ ನಡುವೆ. ಸ್ವಿಮ್ ಮಾಡಿ ಬನ್ನಿ ನಾ, ಜ್ಯಾದಾ ದೂರ ಇಲ್ಲ.”

ಅಷ್ಟರಲ್ಲಿ ಹತ್ತು ಮಾರು ಆಚೆ ತೇಲುತ್ತಿದ್ದ ಮರದ ದಿಮ್ಮಿ ಕಣ್ಣು ಬಿಟ್ಟಿತು. ಅಣವೀರಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಈಜು ಬರಂಗಿಲ್ಲೋ ನನಗ. ಬಂದ್ರೂ ಬರಾಂವಲ್ಲ. ಇಲ್ಲಿ ಮೊಸಳಿ ಐತಿ.”

ದಡದಲ್ಲಿ ಜನ ಸೇರಿದರು. ಒಬ್ಬರು ತಟ್ಟೆ ಬಡಿಯಿರಿ ಎಂದರು, ಇನ್ನೊಬ್ಬರು ಉಸಿರೂ ಬಿಡಬೇಡಿ ಎಂದರು, ಮೂರನೆಯವರು ಇದು ಒನ್ ಬೆಡ್‌ರೂಮೋ ಟೂ ಬೆಡ್‌ರೂಮೋ ಎಂದು ವಿಚಾರಿಸಿದರು. ಮೊಸಳೆ ಮುಳುಗಿತು. ಕಾಣುತ್ತಿದ್ದಾಗಲೇ ವಾಸಿಯಿತ್ತು. ಈಗ ನೆಲದಡಿ ಏನೋ ಪರಪರ ಕೆರೆಯತೊಡಗಿತು. ಅಣವೀರಪ್ಪ ಊಟದ ಮೇಜು ಹತ್ತಿ, ಬಾಟಲಿ ಅವಚಿಕೊಂಡು, ಗೊತ್ತಿದ್ದ ದೇವರನ್ನೆಲ್ಲ ಹೆಸರು ಹಿಡಿದು ಕರೆದ.

ಒಂದೂವರೆ ಗಂಟೆಯ ಮೇಲೆ ಬಂದವನು ಮೀನುಗಾರ ಅಂಗಾರ. ದೋಣಿಗೆ ಹಗ್ಗ ಬಿಗಿದು, ಮಂಕು ಎಮ್ಮೆಯನ್ನು ಎಳೆದಂತೆ ಮನೆಯನ್ನು ದಡಕ್ಕೆ ಎಳೆದ.

ಸಂಜೆ ಆಫೀಸಿನಲ್ಲಿ ರಂಜನಿ ಬಾಟಲಿಯನ್ನು ಬೆಳಕಿಗೆ ಹಿಡಿದರು. “ಇನ್ನು ಅಲ್ಲಿ ಒಂದು ಮನೆನೂ ಬರಲ್ಲ. ಕೆರೆ ಉಳಿಸಿದ್ರಿ, ಅಣವೀರಪ್ಪ.”

ಅಣವೀರಪ್ಪ ಆಗ ಕುರ್ಚಿ ಎಳೆದು ಕೂತ.

“ಆದ್ರೆ ಈ ಮನೆ ಸಾಕ್ಷಿ, ತನಿಖೆ ಮುಗಿಯೋ ತನಕ ಯಾರೂ ಮುಟ್ಟದ ಹಾಗೆ ಕೆರೆ ನಡುವೆ ಕಟ್ಟಿಸಿದ್ದೀನಿ. ಬಿಲ್ಡರ್ ಕಡೆಯವರು ಪೈಪ್ ಬದಲಾಯಿಸದ ಹಾಗೆ ನಮ್ಮವರೊಬ್ರು ಆರು ತಿಂಗಳು ಅಲ್ಲೇ ಇರ್ಬೇಕು. ನಿಮ್ಮ ಹೆಸರು ಕಳಿಸಿದ್ದೀನಿ.”

“ಮೇಡಂ, ನನಗ ಈಜು ಬರಂಗಿಲ್ರೀ,” ಎಂದ ಅಣವೀರಪ್ಪ, ಅಳುವ ದನಿಯಲ್ಲಿ.

“ತುಷಾರ್ ಹೇಳಿದ್ರು. ಅದಕ್ಕೇ ನೀವು. ಈಜು ಬರೋರನ್ನ ಇಟ್ರೆ ಮೊದಲ ದಿನವೇ ಈಜ್ಕೊಂಡು ಮನೆಗೆ ಹೋಗ್ಬಿಡ್ತಾರೆ.”