ಕರ್ನಲ್ ಸಾಹೇಬನ ಶಯನಮಂದಿರ

ಊರಿನ ಅರ್ಧ ಬಾಗಿಲುಗಳಿಗೆ ಬೀಗ ಹಾಕಿಕೊಟ್ಟವನು ಫಿಲೆಮೋನ್. ಅಂಥವನ ಮನೆಗೇ ಕಳ್ಳ ನುಗ್ಗಿ ಕೊಲೆ ಮಾಡಿ ಹೋಗುವುದೆಂದರೇನು! ಕಳ್ಳ ಬೇರಾರೂ ಅಲ್ಲ, ತ್ಲಾಕ್ವಾಚೆ: ಬೆಕ್ಕಿನ ಗಾತ್ರ, ಇಲಿಯ ಮೂತಿ, ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಹೊತ್ತು ತಿರುಗುವ ನಿಶಾಚರಿ. ಗೋಡೆಗೆ ಒರಗಿದ ಸೀಬೆ ಮರ ಹತ್ತಿ ಮಾಳಿಗೆಗೆ ಬಂದು, ಮಲಗಿದ್ದ ಹೆಣ್ಣು ನವಿಲೊಂದನ್ನು ಮುಗಿಸಿ ಹೋಗಿತ್ತು. ಉಳಿದವು ಇನ್ನೊಂದು ಹೆಣ್ಣು ಮತ್ತು ಗಂಡು ನವಿಲು ಕರ್ನಲ್.

"ಇನ್ಮೇಲೆ ಕರ್ನಲ್‌ದು ಒಂದು ಗರಿ ಉದುರಿದ್ರೂ ನಾನು ಬೀಗದ ಅಂಗಡಿ ಮುಚ್ಚಿ ಬೀದೀಲಿ ಸೌತೆಕಾಯಿ ಮಾರ್ತೀನಿ," ಎಂದು ಫಿಲೆಮೋನ್ ಊಟದ ಮೇಜು ಗುದ್ದಿ ಭೀಷ್ಮಪ್ರತಿಜ್ಞೆ ಮಾಡಿದ. ಮೇಜಿನ ಮೇಲಿನ ಉಪ್ಪಿನ ಬಟ್ಟಲು ಮಗುಚಿತು. ಹೆಂಡತಿ ಒಬ್ದುಲಿಯಾ ಉಪ್ಪು ಬಳಿದಳು.

ಕರ್ನಲ್ ಅವಳ ಕಣ್ಮಣಿ. ಟರ್ಕಿ ಕೋಳಿಯ ಕಾವಿಗೆ ಮೊಟ್ಟೆ ಇಟ್ಟು ಮರಿ ಮಾಡಿಸಿ, ನೆನೆಸಿದ ಜೋಳದ ರೊಟ್ಟಿ ಕೈಯಾರೆ ತಿನ್ನಿಸಿ ಬೆಳೆಸಿದ್ದಳು. ಸಂಜೆ ಅವನು ಪಟಪಟನೆ ರೆಕ್ಕೆ ಬಡಿದು ಮಾಳಿಗೆಗೆ ಹಾರಿದ ಸದ್ದು ಕೇಳಿದ ಮೇಲೆಯೇ ಅವಳು ಒಲೆ ಆರಿಸುವುದು. ಅಲ್ಲಿ ಅವನ ಸುಖಾಸನವೆಂದರೆ ಕಬ್ಬಿಣದ ಸರಳುಗಳಿಗೆ ಅಡ್ಡ ಕಟ್ಟಿದ ಒಂದು ಹಲಗೆ.

ಆ ಊರಲ್ಲಿ ಯಾರೂ ಮನೆ ಕಟ್ಟಿ ಮುಗಿಸುವುದಿಲ್ಲ. ತಾರಸಿ ಹಾಕುತ್ತಾರೆ, ಕಂಬದ ಸರಳುಗಳನ್ನು ಆಕಾಶಕ್ಕೆ ಹಾಗೇ ಬಿಡುತ್ತಾರೆ, ತುದಿಗೆ ಖಾಲಿ ಸೋಡಾ ಬಾಟಲಿ ಬೋರಲು ಹಾಕುತ್ತಾರೆ. ಮೇಲಿನ ಮಹಡಿ ಎಂದೋ ಏಳುತ್ತದೆ. ಏಳುವವರೆಗೆ ಸರಳೇ ಭರವಸೆ. ಎದುರುಮನೆಯ ಮುದುಕ, ಊರವರು ಗೌರವದಿಂದ 'ಡಾನ್' ಎನ್ನುವ ಎವೋದಿಯೊನ ಭರವಸೆಯಂತೂ ತುಕ್ಕು ಹಿಡಿದು ಕೆಂಪಾಗಿತ್ತು. "ಏನ್ ಡಾನ್ ಎವೋದಿಯೊ, ಈ ವರ್ಷವಾದ್ರೂ ಫಸಲು ಬರುತ್ತಾ?" ಎಂದು ಫಿಲೆಮೋನ್ ಬೀದಿಗೆಲ್ಲ ಕೇಳುವಂತೆ ಕೆಣಕುತ್ತಿದ್ದ. ಮುದುಕ ನಗುತ್ತಿದ್ದ.

ಅಂತೂ ಅಂಗಳದಲ್ಲಿ, ಯಾವ ತ್ಲಾಕ್ವಾಚೆಯೂ ನುಗ್ಗದಂಥ, ನವಿಲುಗಳ ಶಯನಮಂದಿರದ ಕೆಲಸ ಶುರುವಾಯಿತು. ಅಲ್ಲಿ ಯಾವ ಶುಭಕಾರ್ಯದ ಭಾರವೂ ಒಬ್ಬನ ಮೇಲೆ ಬೀಳುವುದಿಲ್ಲ. ಕೇಕಿಗೊಬ್ಬ, ಬ್ಯಾಂಡಿಗೊಬ್ಬ ಪಾದ್ರಿನೊ, ಅಂದರೆ ಆ ಖರ್ಚು ಹೊರುವವನು, ಬೇಕು. ಕೇಳಿದ ಮೇಲೆ ಇಲ್ಲವೆನ್ನುವುದು ಮರ್ಯಾದೆಯಲ್ಲ. ಭಾವಮೈದ ಇಟ್ಟಿಗೆಗೆ ಪಾದ್ರಿನೊ ಆದ, ಕಟುಕ ಬಾಗಿಲಿಗೆ ಆದ. ಬೀಗಗಳಿಗೆ ಸ್ವಯಂ ಫಿಲೆಮೋನ್: ಬಾಗಿಲಿಗೆ ಮೇಲೊಂದು, ಕೆಳಗೊಂದು, ಅಂದಕ್ಕೊಂದು. ಕಿಟಕಿಯ ಸರಳಿಗೆ ಮಾತ್ರ ಯಾರೂ ಸಿಗಲಿಲ್ಲ. ಅವನು ತಲೆಯೆತ್ತಿ ತನ್ನ ಮಾಳಿಗೆ ನೋಡಿದ.

"ಅದು ಅವನು ಮಲಗೋ ಜಾಗ ಕಣೋ," ಎಂದಳು ಒಬ್ದುಲಿಯಾ.

"ಅರಮನೆ ಸಿಕ್ಕಮೇಲೆ ಹಲಗೆ ಯಾರಿಗೆ ಬೇಕೇ?"

"ಅವನನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಅಂದೇ ಸರಳುಗಳೆಲ್ಲ ಬುಡಮಟ್ಟ ಕೊಯ್ಯಿಸಿಕೊಂಡು ಕೆಳಗಿಳಿದವು.

ಕೆಲಸ ಮುಗಿಯುವ ಹೊತ್ತಿಗೆ ಮೇ ತಿಂಗಳ ಶಿಲುಬೆ ಹಬ್ಬ ಬಂತು. ಅದು ಗಾರೆಯವರ ಹಬ್ಬ. ಕಟ್ಟಡದ ನೆತ್ತಿಗೆ ಬಣ್ಣದ ಕಾಗದ ಸುತ್ತಿದ ಶಿಲುಬೆ ನೆಡುವುದು ಅವರ ಹಕ್ಕು, ಊಟ ಹಾಕುವುದು ಧಣಿಯ ಕರ್ಮ. ನವಿಲಿನ ಗೂಡಿಗೆಲ್ಲ ಹಬ್ಬವೇ ಎಂದು ಫಿಲೆಮೋನ್ ಗೊಣಗಿದಾಗ ಮೇಸ್ತ್ರಿ ತ್ರಿನಿ ಬಗ್ಗಲಿಲ್ಲ. "ಗೋಡೆ ಅಂದ್ರೆ ಗೋಡೆ. ಒಳಗೆ ನವಿಲಿರಲಿ, ಬಿಷಪ್ ಇರಲಿ, ನಮಗೆ ಊಟ ಊಟವೇ." ಬಿಷಪ್ಪರ ಹೆಸರು ಕೇಳಿ ಫಿಲೆಮೋನ್ ಉಬ್ಬಿಹೋದ. ಗೃಹಪ್ರವೇಶವನ್ನೂ ಅದೇ ಸಂಜೆಗೆ ಇಟ್ಟುಕೊಂಡ. ಗದ್ದಲವಿಲ್ಲದ ದಿನ ಹಕ್ಕಿಗಳನ್ನು ಮೆಲ್ಲಗೆ ಒಳಗೆ ಬಿಡೋಣವೆಂದು ಒಬ್ದುಲಿಯಾ ಅಂಗಲಾಚಿದ್ದು ಅವನ ಕಿವಿಗೆ ಹೋಗಲಿಲ್ಲ.

ಸಂಜೆಗೆ ಅಂಗಳದ ತುಂಬ ಜನ. ಕುರಿಮಾಂಸ ಖಾಲಿಯಾಗುತ್ತಿತ್ತು, ಬಿಯರ್ ಅದಕ್ಕಿಂತ ಬೇಗ. ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿಸಿಕೊಂಡ ಕರ್ನಲ್‌ನನ್ನು ಮದುಮಗಳನ್ನು ಎತ್ತಿದಂತೆ ಎರಡೂ ತೋಳಲ್ಲಿ ಎತ್ತಿ, ಫಿಲೆಮೋನ್ ಹೊಸ್ತಿಲಿಗೆ ಬಲಗಾಲು ಇಟ್ಟ. ಬಾಣಬಿರುಸಿಗೂ ಒಬ್ಬ ಪಾದ್ರಿನೊ ಇದ್ದಾನೆಂಬುದನ್ನು ಆ ಸಂಭ್ರಮದಲ್ಲಿ ಅವನು ಮರೆತಿದ್ದ. ತ್ರಿನಿ ಮರೆತಿರಲಿಲ್ಲ.

ಢಂ!

ಕರ್ನಲ್ ಫಿಲೆಮೋನನ ಎದೆಯ ಮೇಲೆ ಉಗುರಿನ ನಕ್ಷೆ ಬರೆದು ಹಾರಿದ. ಅವನ ಮುಷ್ಟಿಯಲ್ಲಿ ಉಳಿದದ್ದು ಒಂದು ಹಿಡಿ ಬಾಲದ ಗರಿ. ಜನ ಘೊಳ್ಳೆಂದು ನಕ್ಕರು. ಒಬ್ದುಲಿಯಾ ನಗಲಿಲ್ಲ, ಅವಳು ಮಾಳಿಗೆಯನ್ನೇ ನೋಡುತ್ತಿದ್ದಳು. ಕರ್ನಲ್ ಹೆದರಿ ಹಾರಿದ್ದು ತನ್ನ ಹಳೆಯ ಹಲಗೆಗೆ. ಹಲಗೆ ಇರಲಿಲ್ಲ. ಕಾಲೂರಲು ಜಾಗ ಸಿಗದೆ ಸುತ್ತಿದ, ಕೂಗಿದ, ಮತ್ತೆ ಸುತ್ತಿದ. ಕೊನೆಗೆ ಬೀದಿ ದಾಟಿ, ಎವೋದಿಯೊನ ಮಾಳಿಗೆಯ ಕೆಂಪು ಸರಳುಗಳ ನಡುವೆ, ಅಡ್ಡ ಬಿದ್ದಿದ್ದ ಹಳೆಯ ಮರದ ತುಂಡಿನ ಮೇಲೆ ಹೋಗಿ ಕೂತ. ಹೆಣ್ಣು ನವಿಲೂ ಹಿಂದೆಯೇ ಹೋಯಿತು.

ಅವು ವಾಪಸು ಬರಲಿಲ್ಲ. ಅಂಗಳದಲ್ಲಿ ಈಗ ಅವುಗಳ ಕೂಗಿಲ್ಲ. ಒಬ್ದುಲಿಯಾ ಸಂಜೆಯಾದರೆ ಬೀದಿಯಲ್ಲಿ ನಿಂತು, ರೆಕ್ಕೆಯ ಸದ್ದನ್ನು ಎದುರುಮನೆಯಿಂದ ಕೇಳಿಸಿಕೊಂಡು ಬಂದು ಒಲೆ ಆರಿಸುತ್ತಿದ್ದಳು. ಬೈದಿದ್ದರೆ ಫಿಲೆಮೋನನಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಅವನು ಬೀಗಗಳನ್ನೆಲ್ಲ ತೆಗೆದು, ಒಳಗೆ ಜೋಳ ಚೆಲ್ಲಿ, ಮಂದಿರದ ಬಾಗಿಲನ್ನು ತೆರೆದಿಟ್ಟು ಕಾದ. ಕಡೆಗೊಂದು ಬೆಳಗ್ಗೆ ಒಳಗೆ ಉಸಿರಾಟ ಕೇಳಿ ಹಿಗ್ಗಿ ಓಡಿದ. ಮೂಲೆಯಲ್ಲಿ, ಮೆತ್ತನೆ ಹುಲ್ಲಿನ ಮೇಲೆ, ಚೀಲದಲ್ಲಿ ಹಿಡಿಸದಷ್ಟು ಬೆಳೆದ ಮರಿಗಳನ್ನು ಬೆನ್ನ ತುಂಬ ಹೊತ್ತ ತ್ಲಾಕ್ವಾಚೆ ಗೊರಕೆ ಹೊಡೆಯುತ್ತಿತ್ತು.

ಒಬ್ದುಲಿಯಾ ಬಗ್ಗಿ ನೋಡಿದಳು. "ಅದಕ್ಕಾದ್ರೂ ನಿನ್ನ ಅರಮನೆ ಹಿಡಿಸ್ತಲ್ಲ," ಎಂದಳು. ಆಮೇಲೆ ಬೀದಿಯಾಚೆ ನೋಡಿದಳು. "ಎವೋದಿಯೊ ಮನೆ ಗೋಡೆಗೂ ಮರ ಇದೆ ಕಣೋ. ಬೆಣ್ಣೆಹಣ್ಣಿಂದು."

ಫಿಲೆಮೋನ್ ಟೋಪಿ ಕೈಯಲ್ಲಿ ಹಿಡಿದು ಬೀದಿ ದಾಟಿದ. ಮುದುಕ ಅಂಗಳದಲ್ಲಿ ಗರಗಸ ಮಸೆಯುತ್ತಿದ್ದ.

"ನಿನ್ನ ನೋಡಿ ನಾನೂ ಸರಳು ಕೊಯ್ಸೋಣ ಅಂತಿದ್ದೀನಪ್ಪ," ಎಂದ ಎವೋದಿಯೊ. "ಫಸಲಂತೂ ಬರ್ಲಿಲ್ಲ. ನೀನು ಹೇಳಿದ್ದೇ ಸರಿ."

"ಬೇಡಿ ಡಾನ್ ಎವೋದಿಯೊ. ನಾನು ಹೇಳಿದ್ದು ತಪ್ಪು. ದಮ್ಮಯ್ಯ, ಹಾಗೇ ಇರ್ಲಿ."

ಮುದುಕ ಗರಗಸ ಕೆಳಗಿಟ್ಟ. "ಇರ್ಲಿ ಅಂದ್ರೆ ತುಕ್ಕು ತಿಂದುಹೋಗುತ್ತೆ. ವರ್ಷ ವರ್ಷ ಶಿಲುಬೆ ಹಬ್ಬಕ್ಕೆ ಬಣ್ಣ ಬಳೀಬೇಕು. ನನ್ನ ಸರಳಿಗೆ ನೀನೇ ಪಾದ್ರಿನೊ ಆಗು."

ಕೇಳಿದ ಮೇಲೆ ಇಲ್ಲವೆನ್ನುವುದು ಮರ್ಯಾದೆಯಲ್ಲ. ಫಿಲೆಮೋನ್ ತಲೆ ತಗ್ಗಿಸಿ ಒಪ್ಪಿದ. ಹಾಗೇ ಗುಜರಿಯಿಂದ ತಗಡಿನ ತುಂಡೊಂದು ತಂದು, ತ್ಲಾಕ್ವಾಚೆಯ ಉಗುರು ಜಾರುವಂತೆ ಬೆಣ್ಣೆಹಣ್ಣಿನ ಮರದ ಬೊಡ್ಡೆಗೆ ಸುತ್ತಿ ಮೊಳೆ ಹೊಡೆದ. ಒಬ್ದುಲಿಯಾ ಮೊಳೆ ಎತ್ತಿಕೊಡುತ್ತಿದ್ದಳು. ಕೆಲಸ ಒಂದು ಸಿಗರೇಟಿನ ಹೊತ್ತೂ ಹಿಡಿಯಲಿಲ್ಲ.

"ಇಷ್ಟೇನಾ?" ಎಂದಳು ಅವಳು.

"ಇಷ್ಟೇ."

"ನಮ್ಮ ಸೀಬೆ ಮರಕ್ಕೂ ಇಷ್ಟೇ ಸಾಕಿತ್ತಾ?"

ಫಿಲೆಮೋನ್ ಹೊಡೆದ ಮೊಳೆಗೇ ಇನ್ನೊಂದು ಏಟು ಹಾಕಿದ. ಮೇಲೆ ಕರ್ನಲ್ ರೆಕ್ಕೆ ಕೊಡವಿ ಕೂತ ಸದ್ದಾಯಿತು. ಒಬ್ದುಲಿಯಾ ಕತ್ತೆತ್ತಿ ಅವನ ಬೋಳು ಬಾಲವನ್ನು ನೋಡಿದಳು. ಆಮೇಲೆ ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಕಣ್ಣೊರೆಸಿಕೊಂಡು ಮನೆಯ ಕಡೆ ತಿರುಗಿದಳು.

"ಬಾ, ಬೇಗ ಮಲಗು," ಎಂದಳು. "ಸೌತೆಕಾಯಿ ಮಂಡಿ ಬೆಳಗಿನ ಜಾವವೇ ತೆರೆಯುತ್ತೆ."